ಮೂಲೆಯ ಕಂಬದ ಹಳದಿ ದೀಪ

ನೆಲ ನೋಡಿಕೊಂಡು ನಡೆಯುವುದಿಲ್ಲ ಎಂಬುದು ನನ್ನ ಮೇಲೆ ನನ್ನ ಹೆಂಡತಿಯ ಬಹಳ ಹಳೆಯ ದೂರು. ಪೀಣ್ಯದ ರಸ್ತೆಗಳಲ್ಲಿ ನೆಲ ನೋಡದವನಿಗೆ ಏನೇನು ಆಗಬೇಕೋ ಅದೆಲ್ಲ ನನಗೆ ಆಗಿದೆ. ತೆರೆದ ಚರಂಡಿಗೆ ಕಾಲಿಟ್ಟಿದ್ದೇನೆ, ಲೇತ್ ಶೆಡ್ಡುಗಳ ಮುಂದೆ ಬಿದ್ದಿರುವ ಕಬ್ಬಿಣದ ಸುರುಳಿಗಳನ್ನು ತುಳಿದಿದ್ದೇನೆ, ನಿಂತ ಟೆಂಪೊಗೆ ಹಣೆ ಚಚ್ಚಿಕೊಂಡಿದ್ದೇನೆ. ಆದರೂ ಬುದ್ಧಿ ಬಂದಿಲ್ಲ. ಸಂಜೆಯಾಯಿತೆಂದರೆ ನನ್ನ ಕಣ್ಣು ಕಂಬದ ತುದಿಗೇ ಹೋಗುತ್ತದೆ. ನನಗಿರುವುದು ಬೀದಿದೀಪ ನೋಡುವ ಹುಚ್ಚು.

ಹಕ್ಕಿ ನೋಡುವವರಿದ್ದಾರೆ, ರೈಲು ನೋಡುವವರಿದ್ದಾರೆ, ಅವರಿಗೆ ಒಂದಿಷ್ಟು ಮರ್ಯಾದೆಯೂ ಇದೆ. ಬೀದಿದೀಪ ನೋಡುತ್ತೇನೆ ಎಂದರೆ ಮಾತ್ರ ಜನ ಒಂದು ಕ್ಷಣ ನನ್ನ ಮುಖ ನೋಡಿ ಮಾತು ಬದಲಿಸುತ್ತಾರೆ. ಯಾವ ರಸ್ತೆಯಲ್ಲಿ ಟ್ಯೂಬ್‌ಲೈಟ್ ಹೋಗಿ ಹಳದಿ ಬಣ್ಣದ ಸೋಡಿಯಂ ದೀಪ ಬಂತು, ಯಾವ ರಸ್ತೆಯಲ್ಲಿ ಸೋಡಿಯಂ ಹೋಗಿ ಬಿಳಿ ಎಲ್‌ಇಡಿ ಬಂತು, ಯಾವ ಕಂಬ ಸಂಜೆ ಎಲ್ಲಕ್ಕಿಂತ ಮೊದಲು ಹತ್ತಿಕೊಳ್ಳುತ್ತದೆ, ಯಾವುದು ಬಿಸಿಲು ಏರಿದರೂ ಆರುವುದಿಲ್ಲ, ಇದೆಲ್ಲ ನನಗೆ ಗೊತ್ತು. ಇದರಿಂದ ಏನು ಉಪಯೋಗ ಎಂದು ಕೇಳಿದವರಿಗೆ ನಾನು ಉತ್ತರ ಕೊಡುವುದಿಲ್ಲ. ಕ್ರಿಕೆಟ್ ನೋಡುವವರನ್ನು ನಾನು ಹಾಗೆ ಕೇಳಲು ಹೋಗಿದ್ದೇನೆಯೇ?

ಬಹಳ ವರ್ಷ ಈ ಹುಚ್ಚು ನನಗೊಬ್ಬನಿಗೇ ಇದೆ ಎಂದುಕೊಂಡಿದ್ದೆ. ಒಂದು ಸಂಜೆ ತುಮಕೂರು ರಸ್ತೆಯ ಪಕ್ಕದ ಸಣ್ಣ ರಸ್ತೆಯಲ್ಲಿ, ಮೆಟ್ರೊ ಸೇತುವೆಯ ಕೆಳಗೆ, ಹಳೆಯ ದೀಪವೊಂದನ್ನು ಮೊಬೈಲಿನಲ್ಲಿ ಹಿಡಿಯುತ್ತಿದ್ದಾಗ ಎದುರುಬದಿಯಲ್ಲಿ ಇನ್ನೊಬ್ಬನೂ ಅದೇ ದೀಪಕ್ಕೆ ಮೊಬೈಲು ಎತ್ತಿದ್ದ. ಇಬ್ಬರೂ ಕಳ್ಳರಂತೆ ಕೈ ಇಳಿಸಿದೆವು, ಆಮೇಲೆ ನಕ್ಕೆವು. ನನಗಿಂತ ಬಹಳ ಚಿಕ್ಕವನು. ಮಾದನಾಯಕನಹಳ್ಳಿಯ ಗೋದಾಮೊಂದರಲ್ಲಿ ಸೂಪರ್‌ವೈಸರ್ ಆಗಿದ್ದ. ಅಲ್ಲೇ ಸ್ವಂತ ಮನೆ, ಮೇಲೊಂದು ಮಹಡಿ ಕಟ್ಟಿಸುವ ಆಸೆ. ಅವತ್ತು ಟೀ ಅಂಗಡಿಯಲ್ಲಿ ಕೂತು ನಾವು ಆಡಿದ ಮಾತು ಬೇರೆ ಯಾರಾದರೂ ಕೇಳಿದ್ದರೆ ಇಬ್ಬರನ್ನೂ ನಿಮ್ಹಾನ್ಸ್ ಬಸ್ಸು ಹತ್ತಿಸುತ್ತಿದ್ದರು.

ಅವನೇ ಹುಡುಕಿ ಹುಡುಕಿ ನಮ್ಮಂಥ ಒಂದು ಹಿಡಿಯಷ್ಟು ಜನರನ್ನು ಸೇರಿಸಿ ವಾಟ್ಸಾಪ್ ಗುಂಪು ಮಾಡಿದ. ವೈಟ್‌ಫೀಲ್ಡಿನವರೊಬ್ಬರು, ಸಿಂಗಸಂದ್ರದವರಿಬ್ಬರು, ಹೀಗೆ. ಭಾನುವಾರ ಸಂಜೆ ಯಾವುದಾದರೂ ರಸ್ತೆ ಗೊತ್ತುಮಾಡಿಕೊಂಡು ದೀಪ ಹತ್ತುವ ಮೊದಲೇ ಹೋಗಿ ನಿಲ್ಲುತ್ತಿದ್ದೆವು. ನಮ್ಮಲ್ಲಿ ಎಲ್ಲೂ ಬರೆದಿಡದ ಎರಡು ಕಟ್ಟುಪಾಡುಗಳಿದ್ದವು. ಹಳೆಯ ದೀಪವೊಂದನ್ನು ತೆಗೆಯುತ್ತಾರೆಂದು ತಿಳಿದರೆ ಎಲ್ಲರಿಗೂ ಹೇಳಬೇಕು. ಎಲ್ಲರೂ ಹೋಗಿ ಅದು ಹತ್ತಿಕೊಳ್ಳುವುದನ್ನು ಕೊನೆಯ ಸಲ ನೋಡಿ, ಅದರ ಕೆಳಗೆ ಟೀ ಕುಡಿದು ಬರಬೇಕು. ಎರಡನೆಯದು, ದೀಪ ಯಾರ ಬೀದಿಯದೋ ಅದರ ವಿಚಾರ ಅವರದು. ಅದರ ಬಗ್ಗೆ ಬೇರೆಯವರು ಎಲ್ಲೂ ಬಾಯಿ ಬಿಡಬಾರದು.

ಈ ಎರಡನೆಯದಕ್ಕೆ ಕಾರಣವಿತ್ತು. ಹಳೆಯ ದೀಪ ಉಳಿಯುವುದು ಪಾಲಿಕೆ ಆಫೀಸಿನವರು ಅದನ್ನು ಮರೆತಿರುವವರೆಗೆ ಮಾತ್ರ. ಕೆಟ್ಟಿದೆ ಎಂದು ಒಂದು ದೂರು ಹೋದರೆ ಸಾಕು, ಏಣಿ ಗಾಡಿ ಬಂದು ಬಲ್ಬು ಬದಲಿಸುವುದಿಲ್ಲ, ಇಡೀ ಫಿಟ್ಟಿಂಗನ್ನೇ ಬಿಚ್ಚಿಕೊಂಡು ಹೋಗುತ್ತದೆ. ಬಿಚ್ಚಿದ್ದು ಗುಜರಿ ಸೇರುತ್ತದೆ. ಗುಜರಿಯಿಂದ ತಂದು ಮನೆಯಲ್ಲಿ ಕೂಡಿಟ್ಟುಕೊಳ್ಳುವವರೂ ನಮ್ಮಲ್ಲಿದ್ದರು, ಅದಕ್ಕೆ ಯಾರ ತಕರಾರೂ ಇರಲಿಲ್ಲ. ಆದರೆ ಕಂಬದ ಮೇಲೆ ಉರಿಯುತ್ತಿರುವುದಕ್ಕೆ ಯಾರೂ ಆಸೆಪಡುವಂತಿರಲಿಲ್ಲ.

ನಮ್ಮ ಬೀದಿಯ ಮೂಲೆಯಲ್ಲಿ, ನನ್ನ ಮನೆಯ ಎದುರಿನಲ್ಲೇ, ಅಂಥದೊಂದು ಸೋಡಿಯಂ ದೀಪವಿತ್ತು. ಸುತ್ತಲಿನ ಬೀದಿಗಳೆಲ್ಲ ಬಿಳಿಯಾದ ದಿನ ನಮ್ಮ ಮೂಲೆಗೆ ಅಡ್ಡಲಾಗಿ ತಗಡಿನ ಸುರುಳಿ ಹೇರಿದ ಲಾರಿಯೊಂದು ಕೆಟ್ಟು ನಿಂತಿತ್ತು. ಏಣಿ ಗಾಡಿ ಒಳಗೆ ಬರಲಾಗದೆ ಹಿಂದಕ್ಕೆ ಹೋಯಿತು, ಮತ್ತೆ ಬರಲೇ ಇಲ್ಲ. ಆ ಲಾರಿಯ ಡ್ರೈವರಿಗೆ ನಾನು ಮನಸ್ಸಿನಲ್ಲೇ ಎಷ್ಟು ಸಲ ಕೈಮುಗಿದಿದ್ದೇನೋ. ರಾಜ್ಯೋತ್ಸವಕ್ಕೆ ಬೀದಿಯವರು ಕಂಬಕ್ಕೆ ಅರಿಶಿನ ಕುಂಕುಮದ ಬಣ್ಣ ಬಳಿಯುವಾಗ ಬ್ರಷ್ಷು ಜಾರಿ ಫಿಟ್ಟಿಂಗಿನ ಬದಿಗೂ ಅಂಗೈಯಗಲ ಕೆಂಪು ಮೆತ್ತಿಕೊಂಡಿತ್ತು. ಅದರ ಗಾಜಿನ ಮುಚ್ಚಳದ ಕೊಕ್ಕೆ ಮುರಿದಾಗ ನಾನು ಕೆಲಸ ಮಾಡುವ ಕಾರ್ಖಾನೆಯಿಂದ ಹಿತ್ತಾಳೆ ತಂತಿ ತಂದು, ಅದನ್ನು ಎಂಟರ ಆಕಾರಕ್ಕೆ ಹೆಣೆದು, ಪರಿಚಯದ ಲೈನ್‌ಮನ್ ಕೈಲಿ ಕಟ್ಟಿಸಿದ್ದೆ. ನಿಮಗೆ ಆ ಕಂಬದ ಜೊತೆಗೇ ಮದುವೆ ಮಾಡಿಸಬೇಕಿತ್ತು ಎಂದು ಹೆಂಡತಿ ಅವತ್ತು ಅಂದಳು.

ಆ ದೀಪದಿಂದ ಬದುಕು ಕಟ್ಟಿಕೊಂಡವಳು ಮಾತ್ರ ಇನ್ನೊಬ್ಬಳು. ಬಾಗಲಕೋಟೆ ಕಡೆಯ ಹೆಂಗಸು. ಎದುರು ಮನೆಯ ಯಜಮಾನರ ವಠಾರದಲ್ಲಿ ಒಂದು ರೂಮು ಹಿಡಿದಿದ್ದಳು. ಗಂಡ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಇವಳು ಗಾರ್ಮೆಂಟ್ಸಿನಲ್ಲಿ ಮೇಲಿನವರ ಬೈಗುಳ ಕೇಳಿ ಕೇಳಿ ಸಾಕಾಗಿ, ಬಿಟ್ಟು, ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಸಂಜೆ ಆ ಕಂಬದ ಬುಡದಲ್ಲಿ ಬುಟ್ಟಿ ಇಟ್ಟುಕೊಂಡು ಕೂರತೊಡಗಿದಳು. ಜೊತೆಗೆ ಶೇಂಗಾ ಚಟ್ನಿಪುಡಿ, ಎಣ್ಣೆಗಾಯಿ. ಶಿಫ್ಟು ಬಿಟ್ಟು ಬರುವ ಅವರ ಕಡೆಯ ಹುಡುಗರೆಲ್ಲ ಅಲ್ಲಿ ನಿಂತೇ ತಮ್ಮ ಮಾತಿನಲ್ಲಿ ಹರಟಿ, ರೊಟ್ಟಿ ಕಟ್ಟಿಸಿಕೊಂಡು ರೂಮಿಗೆ ಹೋಗುತ್ತಿದ್ದರು. ಪಕ್ಕದ ರಸ್ತೆಯ ಬಿಳಿ ದೀಪದಲ್ಲಿ ರೊಟ್ಟಿ ಸುಣ್ಣ ಹಚ್ಚಿದಂತೆ ಕಾಣುತ್ತದೆ, ಇಲ್ಲಿ ಒಲೆಯಿಂದ ಈಗ ತೆಗೆದಂತೆ ಕಾಣುತ್ತದೆ ಎನ್ನುತ್ತಿದ್ದಳು. ನನ್ನ ಹುಚ್ಚನ್ನು ನೋಡಿ ನಗದೇ ಇದ್ದವಳು ನಮ್ಮ ಬೀದಿಯಲ್ಲಿ ಅವಳೊಬ್ಬಳೇ.

ಒಂದು ಬೇಸಿಗೆಯಲ್ಲಿ ದೀಪ ಆಟ ಶುರುಮಾಡಿತು. ಹತ್ತಿಕೊಂಡು, ಪೂರ್ತಿ ಬೆಳಕು ಕೊಟ್ಟು, ಇದ್ದಕ್ಕಿದ್ದಂತೆ ಆರುವುದು. ತಣ್ಣಗಾದ ಮೇಲೆ ಮತ್ತೆ ತಾನೇ ಹತ್ತಿಕೊಳ್ಳುವುದು. ಸೋಡಿಯಂ ಬಲ್ಬಿಗೆ ವಯಸ್ಸಾದರೆ ಹೀಗೇ. ಫಿಟ್ಟಿಂಗಿಗೆ ಏನೂ ಆಗಿರುವುದಿಲ್ಲ, ಬಲ್ಬೊಂದನ್ನು ಬದಲಿಸಿದರೆ ಇನ್ನೂ ವರ್ಷಗಟ್ಟಲೆ ಬರುತ್ತದೆ. ಇದು ನಮಗೆ ಗೊತ್ತು, ಅವಳಿಗೆ ಹೇಗೆ ಗೊತ್ತಾಗಬೇಕು? ದೀಪ ಆರಿದಾಗಲೆಲ್ಲ ಚಿಲ್ಲರೆ ಕೊಡಲಾಗದೆ, ಪಲ್ಯ ಚೆಲ್ಲಿಕೊಂಡು ಒದ್ದಾಡಿದಳು. ಫೋನಿನಲ್ಲಿ ಕಂಪ್ಲೇಂಟು ಕೊಡುವುದು ಹೇಗೆಂದು ಒಂದು ಸಂಜೆ ನನ್ನನ್ನೇ ಕೇಳಿದಳು.

ನಾನು ಬೇಡವೆಂದೆ. ದೂರು ಕೊಟ್ಟರೆ ಪೂರ್ತಿ ಬಿಚ್ಚಿಕೊಂಡು ಹೋಗುತ್ತಾರೆ, ಹೊಸದು ಯಾವಾಗ ಬರುತ್ತದೋ ಹೇಳಲಾಗದು, ಅಷ್ಟು ದಿನ ಕತ್ತಲೆ. ಬಲ್ಬು ನಾನು ತರಿಸುತ್ತೇನೆ, ಸ್ವಲ್ಪ ತಾಳಿಕೋ ಎಂದು ಹೇಳಿದೆ. ಅವಳು ದೀಪವನ್ನೂ ನನ್ನನ್ನೂ ನೋಡಿದಳು.

"ನೀವ್ ಹೇಳಿದ್ರ ಆತ್ರಿ ಅಣ್ಣಾರ. ಈ ದೀಪದ್ದು ನಿಮಗ ಗೊತ್ತಿದ್ದಷ್ಟು ಯಾರಿಗ್ ಗೊತ್ತೈತಿ."

ಆ ಬಲ್ಬು ಈಗ ಅಂಗಡಿಗಳಲ್ಲಿ ಸಿಗುವುದು ಕಷ್ಟ. ಎಸ್‌ಪಿ ರಸ್ತೆಯಲ್ಲಿ ಕೇಳಿದರೆ ಎಲ್‌ಇಡಿ ಹಾಕಿ ಸಾರ್ ಎಂದು ನನಗೇ ಬುದ್ಧಿ ಹೇಳಿದರು. ಕೊನೆಗೆ ಗುಂಪಿನಲ್ಲಿ ಹಾಕಿದೆ: ನಮ್ಮ ಮೂಲೆಯದು ಆರಿ ಆರಿ ಹತ್ತುತ್ತಿದೆ, ಯಾರ ಹತ್ತಿರವಾದರೂ ಬಲ್ಬು ಇದೆಯೇ? ನಮ್ಮಂಥವರು ಮಾತ್ರ ಮಾಡಬಹುದಾದ ಪೆದ್ದತನ ಅದು. ದೀಪದ ಕಾಯಿಲೆಯನ್ನು ದೀಪಕ್ಕೆ ಆಸೆಪಡುವವರ ಮುಂದೆಯೇ ಡಂಗುರ ಹೊಡೆದಿದ್ದೆ. ಆಗ ನನಗೆ ಹಾಗನಿಸಲಿಲ್ಲ. ನಿಮಿಷದೊಳಗೆ ಗುಂಪು ಕಟ್ಟಿದ್ದ ಮಾದನಾಯಕನಹಳ್ಳಿಯ ಗೆಳೆಯನ ಫೋನು ಬಂತು.

"ನನ್ನತ್ರ ಐತೆ ಸಾರ್, ಹೊಸದು, ಡಬ್ಬಿ ಕೂಡ ಒಡ್ದಿಲ್ಲ. ನಾನೇ ತಂದ್ಕೊಡ್ತೀನಿ. ನೀವು ತಲೆ ಕೆಡಿಸ್ಕೋಬೇಡಿ."

ನಾನು ಕೆಡಿಸಿಕೊಳ್ಳಲಿಲ್ಲ. ಆ ಹೊತ್ತಿಗೆ ಅವನು ನಮ್ಮ ಮನೆಯವನೇ ಆಗಿಬಿಟ್ಟಿದ್ದ. ಹಬ್ಬದ ಹೋಳಿಗೆಗೆ ಬರುತ್ತಿದ್ದ, ನನ್ನ ಹೆಂಡತಿ ಅವನನ್ನು ನಿಮ್ಮ ಕಂಬದ ತಮ್ಮ ಎಂದೇ ಕರೆಯುತ್ತಿದ್ದಳು. ಈ ವಾರ ಎಂದ, ಗೋದಾಮಿನಲ್ಲಿ ಸ್ಟಾಕ್ ಲೆಕ್ಕ ಇದೆ, ಮುಂದಿನ ವಾರ ಎಂದ. ನಾನು ಅದನ್ನೇ ರೊಟ್ಟಿಯವಳಿಗೆ ಹೇಳುತ್ತಾ ಬಂದೆ. ಅವಳು ತಲೆಯಾಡಿಸುತ್ತಾ ಬಂದಳು.

ಒಂದು ಸಂಜೆ ಕೆಲಸ ಮುಗಿಸಿ ಬೀದಿಗೆ ತಿರುಗಿದೆ, ಕಣ್ಣು ಅಭ್ಯಾಸದಂತೆ ಮೇಲೆ ಹೋಯಿತು. ಕಂಬದ ಕೈ ಬೋಳಾಗಿತ್ತು. ಎರಡು ತಂತಿಯ ತುದಿಗೆ ಕಪ್ಪು ಟೇಪು ಸುತ್ತಿ ಬಿಟ್ಟಿದ್ದರು. ಕೆಳಗೆ ಅವಳು ಮೊಬೈಲಿನ ಟಾರ್ಚನ್ನು ರೊಟ್ಟಿ ಬುಟ್ಟಿಗೆ ಒರಗಿಸಿಕೊಂಡು ಕೂತಿದ್ದಳು. ಮಧ್ಯಾಹ್ನ ಗಾಡಿ ಬಂದು ಬಿಚ್ಚಿಕೊಂಡು ಹೋಯಿತು ಎಂದಳು.

ಲೈನ್‌ಮನ್ನಿಗೆ ಫೋನು ಮಾಡಿದರೆ ಅವನೇ ಆಶ್ಚರ್ಯಪಟ್ಟ. "ನೀವೇ ಹೇಳಿಸಿದ್ದು ಅಂದ್ಕೊಂಡೆ ಸಾರ್. ಮೂಲೆ ಮನೆ ಸಾರ್ ಹೇಳಿದಾರೆ, ಲೈಟು ಕೆಟ್ಟಿದೆ ಬಿಚ್ಚಿ ಅಂತ ಫೋನ್ ಬಂತಂತೆ ಆಫೀಸ್ಗೆ." ಮೂಲೆ ಮನೆಯ ಸಾರ್ ನಾನೇ. ಹೊಸ ಫಿಟ್ಟಿಂಗ್ ಬಂದಿಲ್ಲ, ಬಂದಾಗ ಹಾಕುತ್ತೇವೆ ಎಂದೂ ಹೇಳಿದ. ನನ್ನ ಹೆಸರು ಹೇಳಿ ನನ್ನ ದೀಪವನ್ನೇ ಇಳಿಸಿದವರು ಯಾರು ಎಂದು ಯೋಚಿಸಿ ಯೋಚಿಸಿ ಊಟ ಸೇರಲಿಲ್ಲ.

ಬೀದಿಗೆ ಈ ಸುದ್ದಿ ಹರಡಲು ಎಷ್ಟು ಹೊತ್ತು ಬೇಕು? ಎದುರು ಮನೆಯ ಯಜಮಾನರು ಮಾರನೆಯ ಬೆಳಿಗ್ಗೆಯೇ ಗೇಟಿನಲ್ಲಿ ಹಿಡಿದರು. ಈ ಜಾಗ ಹೊಲವಾಗಿದ್ದಾಗಿನಿಂದ ಇಲ್ಲಿರುವ ಮನೆತನ ಅವರದು, ಮಾತಿಗೆ ಸುತ್ತುಬಳಸು ಇರುವುದಿಲ್ಲ. "ಒಸಾ ಲೈಟು ಆಕ್ಸನ ಅಂದ್ರೆ ನೀವೇ ಬ್ಯಾಡ ಅಂತಿದ್ರಿ. ಈಗ ನೀವೇ ಬಿಚ್ಚುಸ್ಬುಟ್ರಾ? ಮನೇಲಿ ಇಟ್ಕಂಡಿದ್ರೆ ತಂದು ಆಕ್ಬುಡಿ ಸಾಮಿ, ನಮ್ ಬಾಡಿಗೆ ಎಣ್ಣುಮಕ್ಳು ಕತ್ಲಲ್ಲಿ ಓಡಾಡ್ಬೇಕು." ಬೀದಿಯವರೆಲ್ಲರ ತಲೆಯಲ್ಲೂ ಅದೇ ಇತ್ತು. ದೀಪದ ಹುಚ್ಚನೇ ದೀಪ ಬಿಚ್ಚಿಸಿ ಮನೆಗೆ ಹಾಕಿಕೊಂಡಿದ್ದಾನೆ. ಯೋಚಿಸಿದರೆ ನಾನೂ ಹಾಗೇ ಅಂದುಕೊಳ್ಳುತ್ತಿದ್ದೆನೇನೋ.

ಅವತ್ತು ನನಗೆ ಸಮಾಧಾನ ಹೇಳಿದವನು ನನ್ನ ಗೆಳೆಯ. ಬಲ್ಬು ತರುವುದು ತಡವಾಯಿತಲ್ಲ ಎಂದು ಫೋನಿನಲ್ಲೇ ಪೇಚಾಡಿಕೊಂಡ. ಯಾರು ಮಾಡಿರಬಹುದೆಂದು ಕೇಳಿದ್ದಕ್ಕೆ, ಹೊಸ ದೀಪ ಬೇಕೆಂದು ಹಟ ಹಿಡಿದಿದ್ದವರು ಯಾರೆಂದು ನನ್ನನ್ನೇ ತಿರುಗಿ ಕೇಳಿದ. ಎದುರು ಮನೆಯವರು ಎಂದೆ. "ಮತ್ತೆ ಅವ್ರೇ ಇರ್ಬೇಕು ಸಾರ್, ನಿಮ್ ಹೆಸ್ರು ಹೇಳ್ಬಿಟ್ಟು ಮಾಡ್ಸಿರ್ತಾರೆ" ಎಂದ. ನನಗೆ ತಲೆ ಕಾದಿತ್ತು, ಆ ಮಾತು ಸರಿಯಾಗಿ ನಾಟಿತು. ಸಂಜೆ ಯಜಮಾನರ ಗೇಟಿಗೆ ನಾನೇ ಹೋಗಿ ಬಾಯಿಗೆ ಬಂದದ್ದು ಅಂದು ಬಂದೆ. ಅಲ್ಲಿಂದ ಎರಡೂ ಮನೆಗಳ ನಡುವೆ ಹಬ್ಬದ ತಟ್ಟೆ ಓಡಾಡುವುದು ನಿಂತಿತು.

ಮಳೆ ಶುರುವಾದರೂ ಹೊಸ ದೀಪ ಬರಲಿಲ್ಲ. ರೊಟ್ಟಿಯವಳು ಮೇಣದಬತ್ತಿ ಹಚ್ಚಿ ನೋಡಿದಳು, ಗಾಳಿಗೆ ನಿಲ್ಲಲಿಲ್ಲ. ಚಾರ್ಜಿನ ಲೈಟು ತಂದಳು, ಅದರ ಸುತ್ತ ಹುಳು ಮುತ್ತಿ ಪಲ್ಯಕ್ಕೆ ಬಿದ್ದವು. ಕತ್ತಲ ಮೂಲೆಯಲ್ಲಿ ನಿಂತು ಹರಟಲು ಹುಡುಗರಿಗೂ ಮನಸ್ಸಾಗದೆ ಅವರು ಆಚೆ ರಸ್ತೆಯಿಂದಲೇ ಹಾದುಹೋಗತೊಡಗಿದರು. ಅವಳು ಬುಟ್ಟಿ ಎತ್ತಿಕೊಂಡು ಆಚೆ ರಸ್ತೆಗೆ ಹೋದಳು. ಅಲ್ಲಿ ಹಾರ್ಡ್‌ವೇರ್ ಅಂಗಡಿಯವನು ಮುಂದೆ ಕೂರಲು ಬಿಡಲಿಲ್ಲ. ಇನ್ನೂ ಆಚೆಗೆ, ಬಸ್‌ಸ್ಟಾಪಿನ ಹಿಂದೆ ಜಾಗ ಸಿಕ್ಕಿತು. ಅಲ್ಲಿ ಅವಳ ಕಡೆಯವರು ಬರುವುದು ಕಡಿಮೆ. ಎದುರು ಸಿಕ್ಕಾಗ ಅಣ್ಣಾರ ಎನ್ನುತ್ತಿದ್ದವಳು ಈಗ ತಲೆ ತಗ್ಗಿಸಿ ಹೋಗುತ್ತಿದ್ದಳು. ಅವಳು ಹೋದ ಮೇಲೆ ನಮ್ಮ ಕಂಬಕ್ಕೆ ಬಿಳಿ ದೀಪ ಬಂತು. ಅದರ ಕೆಳಗೆ ಈಗ ಬೈಕುಗಳು ನಿಲ್ಲುತ್ತವೆ.

ದೀಪಾವಳಿಗೆ ಸ್ವಲ್ಪ ಮೊದಲು ನನ್ನ ಗೆಳೆಯನ ಮನೆಯ ಮೇಲಿನ ಮಹಡಿ ಮುಗಿಯಿತು. ಇಡೀ ಗುಂಪನ್ನು ಕರೆದ. ತಾರಸಿಯ ಗೋಡೆಯುದ್ದಕ್ಕೂ ತಾನು ಕೂಡಿಟ್ಟ ಹಳೆಯ ದೀಪಗಳನ್ನೆಲ್ಲ ಸಾಲಾಗಿ ಕೂರಿಸಿ ವೈರು ಎಳೆಸಿದ್ದ. ನೋಡಲು ನಿಜವಾಗಿ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಎಲ್ಲರೂ ಕೇಸರಿಬಾತ್ ತಿಂದು ಮೇಲೆ ಹೋದೆವು. ಹೊತ್ತು ಮುಳುಗುತ್ತಿತ್ತು. ಗುಂಪಿನಲ್ಲಿ ಹಿರಿಯರು ನೀವು, ನೀವೇ ಸ್ವಿಚ್ ಹಾಕಬೇಕು ಎಂದು ಕೈಹಿಡಿದು ಕರೆದುಕೊಂಡು ಹೋದ. ನನಗೆ ಕಣ್ಣು ತುಂಬಿ ಬಂತು. ಹಾಕಿದೆ.

ಸೋಡಿಯಂ ದೀಪ ಒಮ್ಮೆಗೇ ಉರಿಯುವುದಿಲ್ಲ. ಮೊದಲು ಮಂಕಾದ ಗುಲಾಬಿ, ಆಮೇಲೆ ನಿಧಾನಕ್ಕೆ ಕೇಸರಿ, ಪೂರ್ತಿ ಹಳದಿಗೆ ಬರಲು ಕೆಲವು ನಿಮಿಷ ಬೇಕು. ನಮಗೆಲ್ಲ ಅತ್ಯಂತ ಇಷ್ಟವಾದದ್ದು ಆ ಕೆಲವು ನಿಮಿಷಗಳೇ. ಎಲ್ಲರೂ ನೋಡುತ್ತಾ ನಿಂತರು. ನಾನೂ ಒಂದೊಂದನ್ನೇ ನೋಡುತ್ತಾ ಹೋದೆ. ಗೋಡೆಯ ಕೊನೆಯಲ್ಲಿದ್ದ ದೀಪದ ಬದಿಯಲ್ಲಿ ಅಂಗೈಯಗಲ ಜಾಗದಲ್ಲಿ ಬಣ್ಣವೇ ಇರಲಿಲ್ಲ. ಥಿನ್ನರ್ ಹಾಕಿ ಉಜ್ಜಿ ಉಜ್ಜಿ ಒಳಗಿನ ಅಲ್ಯೂಮಿನಿಯಂ ಹೊಳೆಯುತ್ತಿತ್ತು. ಯಾಕೆ ಅಷ್ಟು ಉಜ್ಜಿದ್ದಾನೆ ಎಂದುಕೊಂಡೆ. ಬೆಳಕು ಗುಲಾಬಿಯಿಂದ ಕೇಸರಿಗೆ ತಿರುಗಿತು. ಮುಚ್ಚಳದ ಅಂಚಿನಲ್ಲಿ ಸಣ್ಣಗೆ ಏನೋ ಮಿನುಗಿತು. ಎಂಟರ ಆಕಾರಕ್ಕೆ ಹೆಣೆದ ಹಿತ್ತಾಳೆ ತಂತಿ.

ನನ್ನ ಕೈ ಹೆಣೆದದ್ದು ನನಗೆ ಗೊತ್ತಾಗದೆ ಇರುತ್ತದೆಯೇ? ರಾಜ್ಯೋತ್ಸವದ ಕೆಂಪನ್ನು ಅಳಿಸಬೇಕೆಂದು ಹೊಳೆದವನಿಗೆ ಆ ತಂತಿ ನಾನು ಹೆಣೆದದ್ದೆಂದು ಗೊತ್ತಿರಲಿಲ್ಲ, ಅಷ್ಟೆ. ದೀಪ ಆರಿ ಆರಿ ಹತ್ತುತ್ತಿರಲಿಲ್ಲ. ಗಟ್ಟಿಯಾಗಿ, ಅಲ್ಲಾಡದೆ, ಹಳದಿಗೆ ಏರುತ್ತಿತ್ತು. ಒಳಗೆ ಹೊಸ ಬಲ್ಬು ಇತ್ತು. ನನಗೆ ತಂದುಕೊಡುತ್ತೇನೆಂದು ವಾರದಿಂದ ವಾರಕ್ಕೆ ಹೇಳಿದ್ದ, ಡಬ್ಬಿ ಕೂಡ ಒಡೆಯದ ಬಲ್ಬು.

ನಾನು ಅವನ ಕಡೆ ತಿರುಗಿದೆ. ಅವನು ಆಗಲೇ ನನ್ನ ಮುಖವನ್ನು ನೋಡುತ್ತಿದ್ದ. ತೋಳು ಹಿಡಿದು ನೀರಿನ ಟ್ಯಾಂಕಿನ ಹಿಂದಕ್ಕೆ ಕರೆದುಕೊಂಡು ಹೋಗಿ ತಗ್ಗಿದ ದನಿಯಲ್ಲಿ ಹೇಳಿದ: "ಉಳಿಸಿದೀನಿ ಸಾರ್. ಬಿಚ್ಚಿದೋರತ್ರಾನೇ ದುಡ್ಡು ಕೊಟ್ಟು ಇಸ್ಕೊಂಡೆ. ಇವತ್ತಲ್ಲ ನಾಳೆ ಯಾರಾದ್ರೂ ಕಂಪ್ಲೇಂಟ್ ಕೊಡ್ತಿದ್ರು, ಗುಜರಿಗೆ ಹೋಗ್ಬಿಡ್ತಿತ್ತು. ಇಲ್ಲಿ ಸೇಫಾಗಿ ಐತೆ. ನಿಮ್ಗೆ ಯಾವಾಗ ಬೇಕೋ ಬಂದು ನೋಡಿ."

ಬಂದು ನೋಡಿ ಎಂದ. ಆ ಎರಡು ಮಾತಿಗೆ ನನ್ನ ಮೈಯೆಲ್ಲ ಉರಿದುಹೋಯಿತು. ದೀಪ ಹೋದದ್ದಕ್ಕಿಂತ, ಇವನು ನನ್ನ ಹೆಸರನ್ನು ಬಳಸಿಕೊಂಡದ್ದು, ಫೋನಿನಲ್ಲಿ ನನ್ನ ಜೊತೆ ಪೇಚಾಡಿದ್ದು, ತಪ್ಪಿಲ್ಲದವರ ಗೇಟಿಗೆ ನನ್ನನ್ನು ಜಗಳಕ್ಕೆ ಕಳಿಸಿದ್ದು ನೆನಪಾಗಿ ಅಸಹ್ಯವಾಯಿತು. "ಅದು ಕೆಟ್ಟಿರ್ಲಿಲ್ಲ ಕಣೋ" ಎಂದಷ್ಟೇ ಅಂದೆ. ಗೊತ್ತು ಸಾರ್ ಎಂದ. ಚಪ್ಪಲಿ ಹಾಕಿಕೊಂಡು ಇಳಿದುಬಂದೆ.

ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಅವನಿಗೆ ಹೇಳಬೇಕಾಗಿದ್ದ ಮಾತನ್ನು ಹುಡುಕಿದೆ. ಬೈಗುಳ ಬೇಕಾದಷ್ಟು ಹೊಳೆದವು, ಯಾವುದೂ ಸಾಲಲಿಲ್ಲ. ಅಷ್ಟರಲ್ಲಿ ಗುಂಪಿನಲ್ಲಿ ಅವನು ಆ ದೀಪದ ಫೋಟೊ ಹಾಕಿದ್ದ, ಪೀಣ್ಯದ ಸಾರ್ ಸಹಾಯದಿಂದ ಉಳಿಸಿಕೊಂಡದ್ದು ಎಂದು ಬರೆದಿದ್ದ. ಎಲ್ಲರೂ ನನಗೆ ಕೈಮುಗಿಯುವ ಚಿತ್ರ ಕಳಿಸುತ್ತಿದ್ದರು. ಬೀದಿಯಲ್ಲಿ ಕಳ್ಳ, ಗುಂಪಿನಲ್ಲಿ ದೊಡ್ಡ ಮನುಷ್ಯ. ಎರಡೂ ಅವನದೇ ಕೊಡುಗೆ. ಗುಂಪಿನಿಂದ ಹೊರಬಂದೆ, ಫೋನು ಜೇಬಿಗೆ ಹಾಕಿಕೊಂಡೆ.

ಹೆಂಡತಿ ಎಲ್ಲವನ್ನೂ ಕೇಳಿ, ಈ ಸಲ ತಮಾಷೆ ಮಾಡಲಿಲ್ಲ. ಮೊದಲು ಎದುರು ಮನೆಗೆ ಹೋಗಿ ಬನ್ನಿ ಎಂದಳು. ಹೋದೆ. ಯಜಮಾನರು ಪೂರ್ತಿ ಕೇಳಿಸಿಕೊಂಡು, ಓಗ್ಲಿ ಬುಡಿ ಎಂದು ಕಾಫಿ ತರಿಸಿದರು. ಅದು ಸುಲಭವಾಯಿತು. ಉಳಿದದ್ದು ರೊಟ್ಟಿಯವಳು.

ಮಾರನೆಯ ಸಂಜೆ ಬಸ್‌ಸ್ಟಾಪಿನ ಹಿಂದಕ್ಕೆ ಹೋದೆ. ಬುಟ್ಟಿ ತುಂಬಿದಂತೆಯೇ ಇತ್ತು. ಮೇಲೆ ಬಿಳಿ ದೀಪ, ಅವಳು ಹೇಳುತ್ತಿದ್ದಂತೆ ರೊಟ್ಟಿಗಳು ಸುಣ್ಣ ಹಚ್ಚಿದ ಹಾಗೆ ಕಾಣುತ್ತಿದ್ದವು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ದೂರು ಕೊಟ್ಟವನು ನಾನಲ್ಲ, ಇಂಥವನು, ನನ್ನ ಹೆಸರು ಹೇಳಿ ಮಾಡಿದ, ತರುತ್ತೇನೆಂದ ಬಲ್ಬನ್ನೇ ಹಾಕಿ ತನ್ನ ತಾರಸಿಯಲ್ಲಿ ಉರಿಸುತ್ತಿದ್ದಾನೆ, ನನಗೂ ಮೋಸವಾಗಿದೆ ಎಂದೆ. ಹೇಳುತ್ತಾ ಹೇಳುತ್ತಾ ನನ್ನ ದನಿ ಏರಿತ್ತು. ಬಸ್ಸಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು. ಅವಳು ಬುಟ್ಟಿಯ ಬಟ್ಟೆಯನ್ನು ಸರಿಮಾಡುತ್ತಾ ಕೇಳಿಸಿಕೊಂಡಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

"ಅಂವಾ ಯಾರೋ, ನನಗೇನ್ ಗೊತ್ರಿ ಅಣ್ಣಾರ. ಅವನ ಮಾರಿನೂ ನಾ ನೋಡಿಲ್ಲ. ಕಂಪ್ಲೇಂಟ್ ಕೊಡಬ್ಯಾಡ, ತಡಿ ಅಂದಾವ್ರು ನೀವು. ನಾ ನಂಬಿದ್ದು ನಿಮ್ಮನ್ನ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಹುಡುಕಿದ್ದು ಇದೇ ಮಾತನ್ನು. ಅವನಿಗೆ ಹೇಳಲು ಸಿಗದೆ ಹೋದದ್ದು ಅವಳ ಬಾಯಿಂದ ನನಗೆ ಬಂತು. ಅಷ್ಟರಲ್ಲಿ ಬಸ್ಸೊಂದು ಬಂದು ನಿಂತಿತು, ಇಳಿದವರಲ್ಲಿ ಒಬ್ಬ ರೊಟ್ಟಿ ಕೇಳಿದ. ಅವಳು ಕಟ್ಟಿಕೊಡಲು ತಿರುಗಿದಳು. ನಾನು ನೆಲ ನೋಡಿಕೊಂಡು ಮನೆಗೆ ನಡೆದೆ.